ಮುತ್ಯಾನ ಹಲಗಿ, ಕಂಪ್ಯೂಟರಿನ ತಾಳ



ಕಳೆದ ಬೇಸಿಗೆಯಲ್ಲಿ ನಾವು ಸೊಲ್ಲಾಪುರದ ಕಡೆ ಹೋಗಿದ್ದೆವು. ಅಲ್ಲಿಯ ಕಂದಲಗಾಂವದಲ್ಲಿ ನಮಗೆ ಬಹಳ ವರ್ಷಗಳಿಂದ ಪರಿಚಯವಿರುವ ಒಂದು ಕುಟುಂಬವಿದೆ. ಊರು ಮಹಾರಾಷ್ಟ್ರದ್ದು, ಮಕ್ಕಳಿಗೆ ಶಾಲೆಯಲ್ಲಿ ಮರಾಠಿ, ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಎರಡೂ. ಜೋಳದ ರೊಟ್ಟಿ, ಶೇಂಗಾ ಚಟ್ನಿಯ ಊಟ ಮುಗಿದು ಕೈ ತೊಳೆಯುವುದೇ ತಡ, ಕಾಲೇಜಿಗೆ ಹೋಗುವ ಆ ಮನೆಯ ಹುಡುಗ ಲ್ಯಾಪ್‌ಟಾಪನ್ನು ತಂದು ನಮ್ಮ ಮುಂದಿಟ್ಟ.

“ಫಾದರ್, ವಿಡಿಯೊ ಎಡಿಟಿಂಗ್ ನಿಮಗ ಬರ್ತೈತಿ ಅಂತ ಅವ್ವ ಹೇಳ್ಯಾಳ. ಒಂದೀಟು ನೋಡ್ರಿ. ಹಲಗಿ ತಾಳಕ್ಕ ಕೂಡವಲ್ದು.”

ನಮಗೆ ಬರುವುದು ಅಷ್ಟಕ್ಕಷ್ಟೇ. 2020ರ ಲಾಕ್‌ಡೌನಿನಲ್ಲಿ ದೇವಾಲಯದ ಬಾಗಿಲು ಮುಚ್ಚಿದ್ದಾಗ ಬಲಿಪೂಜೆಯನ್ನು ಮೊಬೈಲಿನಲ್ಲಿ ಚಿತ್ರಿಸಿ ಮನೆಮನೆಗೆ ಕಳಿಸುವ ಕೆಲಸ ನಮ್ಮ ಪಾಲಿಗೆ ಬಂದಿತ್ತು. ತುಟಿ ಒಂದು ಕಡೆ, ಮಾತು ಇನ್ನೊಂದು ಕಡೆ. ‘ಫಾದರ್, ನಿಮ್ಮ ಆಮೆನ್ ಕೇಳುವಷ್ಟರಲ್ಲಿ ನೀವು ಬಾಯಿ ಮುಚ್ಚಿರುತ್ತೀರಿ’ ಎಂದು ಒಬ್ಬ ತಾಯಿ ಫೋನು ಮಾಡಿ ಹೇಳಿದ ಮೇಲೆ, ರಾತ್ರಿಗಳಲ್ಲಿ ಕುಳಿತು ಕಲಿತದ್ದೇ ನಮ್ಮ ವಿದ್ಯೆ. ಗುರುಮಠದಲ್ಲಿ ಕಳೆದ ಅಷ್ಟು ವರ್ಷಗಳಲ್ಲಿ ಈ ಪಾಠ ಇರಲಿಲ್ಲ.

ಹುಡುಗನ ಮುತ್ಯಾ, ಅಂದರೆ ಅಜ್ಜ, ಆ ಸೀಮೆಯಲ್ಲಿ ಹೆಸರಾದ ಹಲಗಿಯವರು. ಮದುವೆ, ಜಾತ್ರೆ, ಸಾವು, ಮೂರಕ್ಕೂ ಅವರ ಹಲಗಿ ಬೇಕಿತ್ತು. ಹಲಗಿ ಬೇಕಿದ್ದ ಎಷ್ಟೋ ಮನೆಗಳು ಬಾರಿಸಿದವರನ್ನು ಪಂಕ್ತಿಗೆ ಮಾತ್ರ ಕೂಡಿಸುತ್ತಿರಲಿಲ್ಲ ಎಂಬುದನ್ನೂ ಹೇಳಿಬಿಡಬೇಕು. ಮುತ್ಯಾ ಅದನ್ನು ಮರೆತಿಲ್ಲ. ಈಗ ಮೂರು ವರ್ಷಗಳಿಂದ ಅವರ ಕೈ ನಡುಗುತ್ತದೆ. ಹಲಗಿ ಗೋಡೆಯ ಗೂಟಕ್ಕೆ ತೂಗಿಕೊಂಡಿದೆ. ಅವರು ಬಾರಿಸಿದ್ದಕ್ಕೆ ಉಳಿದಿರುವ ಸಾಕ್ಷಿ ಒಂದೇ ಒಂದು ವಿಡಿಯೊ. 2018ರಲ್ಲಿ ಒಂದು ಮದುವೆಯ ಮೆರವಣಿಗೆಯನ್ನು ಯಾರೋ ಮಾಳಿಗೆಯ ಮೇಲಿಂದ ಮೊಬೈಲಿನಲ್ಲಿ ತೆಗೆದದ್ದು. ಅದರಲ್ಲಿ ಟ್ರ್ಯಾಕ್ಟರಿನ ಸದ್ದಿದೆ, ಪಟಾಕಿಯ ಸದ್ದಿದೆ, ಹೆಂಗಸರ ಮಾತಿದೆ. ಹಲಗಿ ಮಾತ್ರ ದೂರದಲ್ಲಿ ತಗಡಿನ ಡಬ್ಬಿ ಬಡಿದಂತೆ ಕೇಳುತ್ತದೆ. ಮುಂದಿನ ತಿಂಗಳು ಹುಡುಗನ ಅಕ್ಕನ ಮದುವೆ. ಮಂಟಪದಲ್ಲಿ ಪರದೆ ಕಟ್ಟಿ ಮುತ್ಯಾನ ಹಲಗಿಯನ್ನು ಎಲ್ಲರಿಗೂ ತೋರಿಸಬೇಕು ಎಂಬುದು ಅವನ ಆಸೆ. ಅದಕ್ಕಾಗಿ ಇಂಟರ್ನೆಟ್ಟಿನಿಂದ ಚರ್ಮವಾದ್ಯದ ಒಂದು ಗಟ್ಟಿ ಪೆಟ್ಟಿನ ಸದ್ದನ್ನು ಇಳಿಸಿಕೊಂಡು, ಪ್ರತಿ ಪೆಟ್ಟಿನ ಮೇಲೂ ಅದನ್ನು ಕೂಡಿಸಲು ಹೊರಟಿದ್ದ. ಮೊದಲ ಐದಾರು ಸೆಕೆಂಡು ಸೊಗಸು. ಆಮೇಲೆ ಎರಡು ಹಲಗಿಗಳು ಒಂದನ್ನೊಂದು ಅಟ್ಟಿಸಿಕೊಂಡು ಓಡಿದಂತೆ.

ಅವನು ಮಾಡಿದ್ದಿಷ್ಟು. ಈ ಹಾಡಿನ ವೇಗವೆಷ್ಟು ಎಂದು ಸಾಫ್ಟ್‌ವೇರನ್ನು ಕೇಳಿದ್ದ; ನಿಮಿಷಕ್ಕೆ 120 ಪೆಟ್ಟು ಎಂದು ಅದು ಹೇಳಿತ್ತು. ಅಂದರೆ ಅರ್ಧ ಸೆಕೆಂಡಿಗೆ ಒಂದು. ಒಂದು ಪೆಟ್ಟನ್ನು ಕಾಪಿ ಮಾಡಿ ಅರ್ಧರ್ಧ ಸೆಕೆಂಡಿಗೆ ಸಾಲಾಗಿ ಅಂಟಿಸುತ್ತ ಹೋಗಿದ್ದ. ಗಣಿತ ಸರಿಯಾಗಿಯೇ ಇತ್ತು. ಆದರೆ ಮನುಷ್ಯನ ಕೈ 120ರ ಬದಲು 121 ಬಾರಿಸಿದರೂ ಸಾಕು, ಹತ್ತು ಸೆಕೆಂಡಿನಲ್ಲಿ 80 ಮಿಲಿಸೆಕೆಂಡಿನ ಅಂತರ ಬೀಳುತ್ತದೆ. ಒಂದು ನಿಮಿಷದಲ್ಲಿ ಪೂರಾ ಒಂದು ಪೆಟ್ಟೇ ಹಿಂದೆ ಉಳಿಯುತ್ತದೆ. ಮುತ್ಯಾನ ಕೈ 121ರಲ್ಲೂ ನಿಂತಿರಲಿಲ್ಲ. ನಾವು ಲೆಕ್ಕ ಹಾಕಿ ನೋಡಿದರೆ, ಒಂದೂವರೆ ನಿಮಿಷದಲ್ಲಿ 116ರಿಂದ 132ಕ್ಕೆ ಏರಿತ್ತು.

ಇದಲ್ಲದೆ ಚಿತ್ರದ ಲೆಕ್ಕವೇ ಬೇರೆ. ವಿಡಿಯೊ ಎಂದರೆ ಬಿಡಿಬಿಡಿ ಚಿತ್ರಗಳ ಸಾಲು ಎಂಬುದು ನಿಮಗೆ ಗೊತ್ತೇ ಇದೆ. ಸೆಕೆಂಡಿಗೆ 25 ಚಿತ್ರಗಳಾದರೆ ಒಂದೊಂದಕ್ಕೆ 40 ಮಿಲಿಸೆಕೆಂಡು. ಅರ್ಧ ಸೆಕೆಂಡಿಗೆ ಹನ್ನೆರಡೂವರೆ ಚಿತ್ರ! ಅರ್ಧ ಚಿತ್ರ ಎಂಬುದು ಇಲ್ಲವಾದ್ದರಿಂದ, ಟೈಮ್‌ಲೈನಿನಲ್ಲಿ ನಾವಿಟ್ಟ ಸದ್ದು ಒಮ್ಮೆ ಹನ್ನೆರಡನೆಯದಕ್ಕೆ, ಒಮ್ಮೆ ಹದಿಮೂರನೆಯದಕ್ಕೆ ಹೋಗಿ ಅಂಟಿಕೊಳ್ಳುತ್ತದೆ. (ಸೆಕೆಂಡಿಗೆ 24 ಆಗಿದ್ದರೆ ಸರಿಯಾಗಿ 12, 30 ಆಗಿದ್ದರೆ ಸರಿಯಾಗಿ 15.) ಕಣ್ಣಿಗೆ ಇದು ಲೆಕ್ಕಕ್ಕಿಲ್ಲ. ಆದರೆ ಒಂದು ಹಲಗಿಯ ಮೇಲೆ ಇನ್ನೊಂದು ಹಲಗಿಯ ಸದ್ದನ್ನು ಕೂಡಿಸುವಾಗ ಕಿವಿ ಸುಮ್ಮನಿರುವುದಿಲ್ಲ. ಮೂವತ್ತು ನಲವತ್ತು ಮಿಲಿಸೆಕೆಂಡು ಆಚೀಚೆಯಾದರೂ ‘ಡಬ್’ ಎನ್ನಬೇಕಾದದ್ದು ‘ದಡಬ್’ ಎನ್ನುತ್ತದೆ. ಆದ್ದರಿಂದ ಚಿತ್ರದ ಮನೆಗಳಿಗೆ ಅಂಟಿಕೊಳ್ಳದೆ ಸದ್ದನ್ನು ಅದಕ್ಕಿಂತ ಸೂಕ್ಷ್ಮವಾಗಿ ಸರಿಸುವ ವ್ಯವಸ್ಥೆ ಬೇಕು. ಅಡಾಸಿಟಿಯಲ್ಲಿ ಅದು ಸಹಜವಾಗಿಯೇ ಇದೆ. ಡಾವಿಂಚಿ ರಿಸಾಲ್ವ್‌ನ ಫೇರ್‌ಲೈಟ್ ಪುಟದಲ್ಲಿದೆ. ಪ್ರೀಮಿಯರ್‌ನಲ್ಲಿ ಸಮಯದ ಅಳತೆಯನ್ನು ಧ್ವನಿಯ ಅಳತೆಗೆ ಬದಲಾಯಿಸಿಕೊಂಡರೆ ಆಯಿತು.

“ಲೆಕ್ಕ ಬ್ಯಾಡ ಅಂತ ಆಮ್ಯಾಲ ಕಿವಿಲೇ ಕೇಳಿ ಗುರುತು ಹಾಕೀನ್ರಿ, ಅದೂ ತಪ್ಪೈತಿ” ಎಂದ ಹುಡುಗ. ಹಾಡು ಓಡುತ್ತಿರುವಾಗ ಎಂ ಗುಂಡಿ ಒತ್ತಿದರೆ ಆ ಜಾಗಕ್ಕೆ ಮಾರ್ಕರ್ ಬೀಳುತ್ತದೆ; ಅದು ಒಳ್ಳೆಯ ಕ್ರಮವೇ. ಆದರೆ ಅವನ ಕಿವಿಯಲ್ಲಿದ್ದದ್ದು ತಂತಿಯಿಲ್ಲದ ಬ್ಲೂಟೂತ್ ಇಯರ್‌ಫೋನು. ಅದು ಸದ್ದನ್ನು ಕಿವಿಗೆ ತಲುಪಿಸುವುದೇ ಒಂದೆರಡು ಹತ್ತಂಶ ಸೆಕೆಂಡು ತಡವಾಗಿ! ತಡವಾಗಿ ಕೇಳಿದವನು ತಡವಾಗಿ ಒತ್ತಿದ್ದ. ಜೊತೆಗೆ ತಾಳಕ್ಕೆ ಸರಿಯಾಗಿ ಬೆರಳು ಬಡಿಯಲು ಹೋಗುವ ಮನುಷ್ಯ ಸಾಮಾನ್ಯವಾಗಿ ತುಸು ಮೊದಲೇ ಬಡಿಯುತ್ತಾನೆ ಎಂಬುದನ್ನು ಮನಶ್ಶಾಸ್ತ್ರಜ್ಞರು ಬಹಳ ಹಿಂದೆಯೇ ಕಂಡುಕೊಂಡಿದ್ದಾರೆ. ಇಳಿಸಿಕೊಂಡಿದ್ದ ಸದ್ದೋ ಎಂಪಿ3 ಕಡತ. ಆ ಬಗೆಯ ಕಡತಗಳ ತಲೆಯಲ್ಲಿ ಕಣ್ಣಿಗೆ ಕಾಣದಷ್ಟು ಮೌನ ಸೇರಿಕೊಂಡಿರುತ್ತದೆ. ಮನೆಯಲ್ಲಿದ್ದ ಹಳೆಯ ತಂತಿಯ ಇಯರ್‌ಫೋನು ಹುಡುಕಿಸಿ ತಂದು, ಇದ್ದ ಮಾರ್ಕರುಗಳನ್ನೆಲ್ಲ ಅಳಿಸಿಹಾಕಿದೆವು. ಹುಡುಗನ ಮುಖ ಸಣ್ಣದಾಯಿತು.

ನಾವು ಅವನಿಗೊಂದು ಕಥೆ ಹೇಳಿದೆವು. ಚಿತ್ರಕ್ಕೆ ತಾಳ ಕೂಡಿಸಲು ಹೋಗಿ ಸೋತವರಲ್ಲಿ ಅವನು ಮೊದಲಿಗನಲ್ಲ. ಮಿಕ್ಕಿ ಮೌಸ್‌ನ ‘ಸ್ಟೀಮ್‌ಬೋಟ್ ವಿಲ್ಲಿ’ ಎಂಬ ಪುಟ್ಟ ಚಿತ್ರಕ್ಕೆ 1928ರಲ್ಲಿ ವಾಲ್ಟ್ ಡಿಸ್ನಿ ನ್ಯೂಯಾರ್ಕಿನಲ್ಲಿ ವಾದ್ಯದವರನ್ನು ಕೂಡಿಸಿ ಧ್ವನಿಮುದ್ರಣ ಮಾಡಿಸಿದರು. ಪರದೆಯ ಮೇಲಿನ ಇಲಿ ಒಂದು ವೇಗ, ವಾದ್ಯಗಾರರು ಒಂದು ವೇಗ. ಕೊಟ್ಟ ಹಣ ನೀರುಪಾಲು. ಎರಡನೆಯ ಸಲಕ್ಕೆ ಹಣ ಹೊಂದಿಸಲು ಡಿಸ್ನಿ ತನ್ನ ಕಾರನ್ನೇ ಮಾರಿಸಬೇಕಾಯಿತು. ಆಗ ಫಿಲ್ಮಿನ ಮೇಲೆಯೇ ತಾಳಕ್ಕೆ ತಕ್ಕಂತೆ ಪುಟಿಯುವ ಒಂದು ಚೆಂಡನ್ನು ಮುದ್ರಿಸಿದರು. ವಾದ್ಯವೃಂದದ ನಿರ್ದೇಶಕ ಅದನ್ನು ನೋಡಿಕೊಂಡು ವಾದ್ಯದವರನ್ನು ನಡೆಸಿದ. ಆ ವರ್ಷದ ನವೆಂಬರ್ 18ರಂದು ಚಿತ್ರ ತೆರೆಕಂಡಿತು, ಮುಂದಿನದು ಎಲ್ಲರಿಗೂ ಗೊತ್ತು. ಇಂದಿನ ಟೈಮ್‌ಲೈನಿನ ಮಾರ್ಕರ್ ಎಂಬುದು ಆ ಚೆಂಡಿನ ಮರಿಮಗ. ನಮ್ಮ ಕನ್ನಡದ ಮೊದಲ ಮಾತಿನ ಚಿತ್ರ ‘ಸತಿ ಸುಲೋಚನಾ’ 1934ರಲ್ಲಿ ಬಂತು; ಅದು ತಯಾರಾದದ್ದು ಮಹಾರಾಷ್ಟ್ರದ ಕೊಲ್ಲಾಪುರದಲ್ಲಿ. ಆ ಕಾಲದಲ್ಲಿ ಈ ತಾಪತ್ರಯವೇ ಇರಲಿಲ್ಲ. ನಟರು ಕ್ಯಾಮೆರಾದ ಮುಂದೆಯೇ ಹಾಡಬೇಕು, ವಾದ್ಯದವರು ಚೌಕಟ್ಟಿನ ಹೊರಗೆ ಕುಳಿತು ನುಡಿಸಬೇಕು. ಬೇರೆ ತಾಪತ್ರಯಗಳು ಇದ್ದವೆನ್ನಿ.

ಡಿಸ್ನಿಯ ಕಥೆಯಲ್ಲಿ ಚಿತ್ರ ಮೊದಲು ತಯಾರಾಗಿತ್ತು, ವಾದ್ಯಗಾರ ಅದರ ಹಿಂದೆ ನಡೆಯಬೇಕಿತ್ತು. ಇಲ್ಲಿ ವಾದ್ಯ ಬಾರಿಸಿ ಆಗಿಹೋಗಿದೆ. ಯಂತ್ರವೇ ಅದರ ಹಿಂದೆ ನಡೆಯಬೇಕು. ಇದು ಹುಡುಗನಿಗೆ ಥಟ್ಟನೆ ತಿಳಿಯಿತು.

ನಮ್ಮ ಗದ್ದಲ ಕೇಳಿ, ಹೊರಗೆ ಬೇವಿನ ಗಿಡದ ಕೆಳಗೆ ಹೊರಸಿನ ಮೇಲೆ ಮಲಗಿದ್ದ ಮುತ್ಯಾ ಎದ್ದು ಬಂದರು. ಹುಡುಗ ಹಳೆಯದನ್ನೇ ಹಾಕಿ ಕೇಳಿಸಿದ.

“ಯಾರಪಾ ಬಾರಸಾಕತ್ತಾರ ಇದನ್ನ?”

“ನೀನ ಅಲ್ಲೇನ ಮುತ್ಯಾ.”

“ನಾ ಅಲ್ಲ. ಇದು ಗಡಿಯಾರ ಬಡದಂಗ ಐತಿ.” ಆಮೇಲೆ ನಮ್ಮ ಕಡೆ ತಿರುಗಿ, “ಫಾದರ್ರ, ಮದುಮಗ ಮನಿ ಹತ್ರ ಬಂದಂಗ ಕೈ ಜೋರ ಆಗ್ಬೇಕ್ರಿ. ಆಗ್ಲಿಲ್ಲಂದ್ರ ಕುಣಿಯೋರು ಬೈತಾರ” ಎಂದರು.

116ರಿಂದ 132ಕ್ಕೆ ಏರಿದ್ದಕ್ಕೆ ಕಾರಣ ಸಿಕ್ಕಿತು! ನಾವು ಅದನ್ನು ಕೈಯ ಏರುಪೇರು ಎಂದುಕೊಂಡಿದ್ದೆವು. ನಮ್ಮ ಗಾನವೃಂದದವರು ಹಬ್ಬದ ಹಾಡನ್ನು ಓಡಿಸುವಾಗ ನಾವು ಎಷ್ಟು ಸಲ ಗದರಿದ್ದೇವೋ, ಅದೆಲ್ಲ ನೆನಪಾಯಿತು.

ಇಂಟರ್ನೆಟ್ಟಿನ ಸದ್ದನ್ನು ಬಿಡುವುದೆಂದು ತೀರ್ಮಾನವಾದದ್ದು ಆಗಲೇ. ಆ ಸದ್ದು ಯಾರ ಕೈಯದ್ದೋ, ಯಾವ ಊರಿನದ್ದೋ. ಅಂಥ ಕಡತಗಳಲ್ಲಿ ಬಾರಿಸಿದವನ ಹೆಸರು ಇರುವುದಿಲ್ಲ. ಮುತ್ಯಾನ ಕೈ ನಡುಗುತ್ತದೆ ನಿಜ, ತಾಳ ಹಿಡಿದು ಬಾರಿಸಲಾರರು. ಒಂದೊಂದೇ ಪೆಟ್ಟು ಹಾಕಬಹುದಲ್ಲ? ಹುಡುಗ ಗೂಟದಿಂದ ಹಲಗಿ ಇಳಿಸಿದ. ಚರ್ಮ ಸಡಿಲಾಗಿತ್ತು. ಅವ್ವ ಒಲೆಯ ಮುಂದೆ ಹಿಡಿದು ಕಾಯಿಸಿಕೊಟ್ಟಳು. ಮೊಬೈಲನ್ನು ಎರಡು ಮೊಳ ದೂರದಲ್ಲಿ ದಿಂಬಿನ ಮೇಲೆ ಇಟ್ಟೆವು. ತೀರ ಹತ್ತಿರವಾದರೆ ಸದ್ದು ಒಡೆಯುತ್ತದೆ. ಮುತ್ಯಾ ಬಲಗೈಯ ದಪ್ಪ ಕೋಲಿನಿಂದ ಒಂದು ಪೆಟ್ಟು ಹಾಕಿ, ಅದು ಪೂರ್ತಿ ಅಡಗುವವರೆಗೆ ಉಸಿರು ಬಿಗಿಹಿಡಿದು ಕೂತರು. ಮತ್ತೊಂದು. ಜೋರಿನದು, ಮೆಲ್ಲನೆಯದು, ಅಂಚಿನದು, ನಡುವಿನದು, ಎಡಗೈಯ ಸಣ್ಣ ಕೋಲಿನದು. ನಡುವೆ ಎರಡು ಸಲ ಆಡು ಕೂಗಿತು, ಒಂದು ಸಲ ಪಕ್ಕದ ಮನೆಯವರು ‘ಏನ್ ನಡದೈತಿ’ ಎಂದು ಕೇಳಿಕೊಂಡು ಬಂದರು. ಕಡೆಗೆ ಹದಿನಾಲ್ಕು ಶುದ್ಧವಾದ ಪೆಟ್ಟುಗಳು ಸಿಕ್ಕವು. ಅವುಗಳನ್ನು ವೇವ್ ಕಡತಗಳಾಗಿ ಉಳಿಸಿ, ಪ್ರತಿಯೊಂದರ ತಲೆಯ ಮೌನವನ್ನು ಪೆಟ್ಟು ಶುರುವಾಗುವ ಅಂಚಿನವರೆಗೆ ಕತ್ತರಿಸಿದೆವು. ಹಲಗಿಯಂಥ ಸದ್ದಿನಲ್ಲಿ ಶಿಖರ ಆರಂಭದಲ್ಲೇ ಇರುವುದರಿಂದ ಇದು ಸುಲಭ. ಗಾಳಿ ಬೀಸಿದಂತೆ ನಿಧಾನವಾಗಿ ಏರುವ ಸದ್ದಾದರೆ ಅದರ ಆರಂಭವನ್ನಲ್ಲ, ಶಿಖರವನ್ನು ತಾಳಕ್ಕೆ ಕೂಡಿಸಬೇಕು.

ಸಂಜೆಯಿಂದ ನಿಜವಾದ ದುಡಿಮೆ. ಮೊಬೈಲಿನ ವಿಡಿಯೊದಲ್ಲಿ ಸೆಕೆಂಡಿಗೆ ಇಷ್ಟೇ ಚಿತ್ರ ಎಂಬ ನಿಯಮ ಅನೇಕ ವೇಳೆ ಇರುವುದಿಲ್ಲ, ಬೆಳಕು ಕಡಿಮೆಯಾದರೆ ಅದೂ ಕಡಿಮೆಯಾಗುತ್ತದೆ. ಆದ್ದರಿಂದ ಮೊದಲು ಅದನ್ನು ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶದಲ್ಲಿ ಸ್ಥಿರವಾದ 25ಕ್ಕೆ ಪರಿವರ್ತಿಸಿದೆವು. ಆಮೇಲೆ ಸದ್ದಿನ ಅಲೆಯ ಚಿತ್ರವನ್ನು ದೊಡ್ಡದು ಮಾಡಿ, ಒಂದೊಂದು ಪೆಟ್ಟಿನ ಏರನ್ನು ಕಣ್ಣಿನಿಂದ ಹುಡುಕಿ, ಕಿವಿಯಿಂದ ಖಚಿತಮಾಡಿಕೊಂಡು, ಅದರ ಮೇಲೆ ಮುತ್ಯಾನ ಇಂದಿನ ಪೆಟ್ಟನ್ನು ಇಡುತ್ತ ಹೋದೆವು. ಸುಮಾರು 180 ಪೆಟ್ಟುಗಳು. ಒಂದೇ ಪೆಟ್ಟನ್ನು ಮತ್ತೆಮತ್ತೆ ಬಳಸಿದರೆ ಕಿವಿಗೆ ಮೋಸ ತಿಳಿಯುತ್ತದೆ ಎಂದು ಹದಿನಾಲ್ಕನ್ನೂ ಅದಲುಬದಲು ಮಾಡಿದೆವು. ಹೊಸ ಸದ್ದನ್ನು ಹಳೆಯದಕ್ಕಿಂತ ಮೇಲೆ ಬರಲು ಬಿಡಲಿಲ್ಲ. ಟ್ರ್ಯಾಕ್ಟರು, ಹೆಂಗಸರ ಮಾತು ಎಲ್ಲ ಇರಲಿ ಎಂದೆವು.

ಇನ್ನೊಂದು ತೊಡಕು ಹುಡುಗನ ಕಣ್ಣಿಗೇ ಬಿತ್ತು. ಮೆರವಣಿಗೆ ದೂರವಿದ್ದಾಗ ಕೋಲು ಹಲಗಿಗೆ ತಾಗಿದ ಮೇಲೆ ಸದ್ದು ಬರುತ್ತದೆ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರು ಸಾಗುತ್ತದೆ. ನೂರಡಿ ದೂರವಿದ್ದರೆ ಎರಡು ಚಿತ್ರಗಳಷ್ಟು ತಡ. ಹತ್ತಿರ ಬಂದಂತೆ ಆ ಅಂತರ ಕರಗುತ್ತದೆ. ಸರಿಪಡಿಸಲು ಹೋಗಲಿಲ್ಲ. ದೂರದ ಭಾಗದಲ್ಲಿ ಕೋಲು ಸರಿಯಾಗಿ ಕಾಣುವುದೇ ಇಲ್ಲ. ಅಲ್ಲದೆ ಮಿಂಚು ಮೊದಲು ಗುಡುಗು ಆಮೇಲೆ ಎಂಬುದಕ್ಕೆ ನಮ್ಮ ಇಂದ್ರಿಯಗಳು ಒಗ್ಗಿಹೋಗಿವೆ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಟಿವಿಯವರಿಗಾಗಿ 1998ರಲ್ಲಿ ಕೊಟ್ಟ ಶಿಫಾರಸಿನಲ್ಲಿ, ಸದ್ದು ಚಿತ್ರಕ್ಕಿಂತ 45 ಮಿಲಿಸೆಕೆಂಡು ಮುಂದಾದರೆ ನೋಡುಗರು ಗುರುತಿಸುತ್ತಾರೆ, ಹಿಂದಾದರೆ 125ರವರೆಗೆ ಗುರುತಿಸುವುದಿಲ್ಲ ಎಂದಿದೆ.

ರಾತ್ರಿ ಹನ್ನೊಂದು ದಾಟಿತ್ತು. ಮುತ್ಯಾ ಮಲಗಿರಲಿಲ್ಲ. ಲ್ಯಾಪ್‌ಟಾಪಿಗೆ ದೊಡ್ಡ ಸ್ಪೀಕರು ಜೋಡಿಸಿ ಒಂದೂವರೆ ನಿಮಿಷವನ್ನೂ ಹಾಕಿ ಕೇಳಿಸಿದೆವು. ಅವರು ಪರದೆಯನ್ನು ನೋಡಲೇ ಇಲ್ಲ. ತಲೆ ತಗ್ಗಿಸಿ, ನಡುಗುವ ಬೆರಳುಗಳನ್ನು ತೊಡೆಯ ಮೇಲೆ ಆಡಿಸುತ್ತ ಕೇಳಿದರು.

“ಹೂಂ, ನಂದ ಐತಿ” ಎಂದರು. ತುಸು ಹೊತ್ತು ಬಿಟ್ಟು, “ಒಂದ್ ಪೆಟ್ಟ ನಂದಲ್ಲ. ಮಾವಿನ ಗಿಡದ ಹತ್ರ. ಅಲ್ಲಿ ನಾ ಕೋಲ್ ಎತ್ತಿ ಬಿಟ್ಟಿದ್ದೆ, ಬಾರಿಸಿರಲಿಲ್ಲ.”

ಹುಡುಗ ಹಿಂದಕ್ಕೆ ಓಡಿಸಿ ನೋಡಿದ. ಮಾವಿನ ಗಿಡದ ಹತ್ತಿರ ಒಂದು ಪಟಾಕಿ ಸಿಡಿದಿತ್ತು. ಅಲೆಯ ಚಿತ್ರದಲ್ಲಿ ಅದರ ಏರು ಹಲಗಿಯ ಏರಿನಂತೆಯೇ ಕಾಣುತ್ತಿತ್ತು. ನಾವೇ ಅದರ ಮೇಲೆ ಒಂದು ಪೆಟ್ಟು ಕೂಡಿಸಿಬಿಟ್ಟಿದ್ದೆವು. ಹುಡುಗ ಅದನ್ನು ತೆಗೆದುಹಾಕಿದ. ಈಗ ಆ ಜಾಗದಲ್ಲಿ ಪಟಾಕಿ ಸಿಡಿಯುತ್ತದೆ, ಮುತ್ಯಾನ ಕೋಲು ಮೇಲೆಯೇ ನಿಂತಿರುತ್ತದೆ, ಕುಣಿಯುವವರೂ ಒಂದು ಕಾಲೆತ್ತಿಕೊಂಡು ಕಾಯುತ್ತಿರುತ್ತಾರೆ.