ಗೋಸುಂಬೆಯನ್ನು ಸಾಕಬಹುದೇ?

ಕನಕಪುರದಿಂದ ಸಂಗಮಕ್ಕೂ ಮೇಕೆದಾಟಿಗೂ ಹೋಗುವ ಹಾದಿಯಲ್ಲಿ ದೊಡ್ಡಆಲಹಳ್ಳಿ ಎಂಬ ಊರಿದೆ. ರಾಗಿಯ ಹೊಲ, ಹಿಪ್ಪುನೇರಳೆಯ ತೋಟ, ನಡುನಡುವೆ ಬೇಲಿಸಾಲು. ಊರು ದಾಟಿ ಮುಂದೆ ಸಾಗಿದರೆ ಕಾವೇರಿ ವನ್ಯಧಾಮದ ಕುರುಚಲು ಕಾಡು. ಹೆಚ್ಚು ಮಳೆಯಿಲ್ಲದ ಇಂಥ ಸೀಮೆಯೇ ನಮ್ಮ ಗೋಸುಂಬೆಗೆ ಒಪ್ಪುವ ನೆಲೆ. ಬೇಲಿಯಲ್ಲಿ ಅದರ ಮರಿಯನ್ನು ಕಂಡ ಹುಡುಗನಿಗೆ ಅದನ್ನು ಮನೆಗೆ ಒಯ್ದು ಸಾಕಬೇಕೆಂಬ ಆಸೆ ಮೂಡುವುದು ಸಹಜ. ಪಟ್ಟಣಗಳಲ್ಲಂತೂ ಪರದೇಶದ ಚಿಕ್ಕ ಗೋಸುಂಬೆಗಳನ್ನು ಕೊಂಡು ಗಾಜಿನ ಪೆಟ್ಟಿಗೆಯಲ್ಲಿಡುವ ಹವ್ಯಾಸಿಗಳೂ ಉಂಟು. ಈ ಆಸೆಯನ್ನು ನಾನು ಹಳಿಯುವವನಲ್ಲ. ಗೋಸುಂಬೆಯನ್ನು ಕಂಡೊಡನೆ ವಿಷಜಂತುವೆಂದು ಕಲ್ಲೆತ್ತಿಕೊಳ್ಳುವ ಹಿರಿಯರಿಗಿಂತ, ಅದನ್ನು ಅಂಗೈಯ ಮೇಲೆ ಕೂರಿಸಿಕೊಳ್ಳಬಯಸುವ ಹುಡುಗನೇ ವಿಜ್ಞಾನಕ್ಕೆ ಹತ್ತಿರದವನು. ಅದರಲ್ಲಿ ವಿಷವೆಂಬುದು ಕಿಂಚಿತ್ತೂ ಇಲ್ಲ. ಆದರೂ ಅದನ್ನು ಸಾಕಬಾರದೆಂಬುದೇ ನನ್ನ ಮತ. ಅದಕ್ಕೆ ಕಾರಣಗಳನ್ನು ನೀತಿಗ್ರಂಥಗಳಲ್ಲಿ ಹುಡುಕಬೇಕಾಗಿಲ್ಲ. ಆ ಪ್ರಾಣಿಯ ದೇಹರಚನೆಯಲ್ಲಿಯೇ ಅವು ಇವೆ.

ಮೊದಲು ಪ್ರಾಣಿ ಯಾವುದೆಂದು ಗೊತ್ತುಮಾಡಿಕೊಳ್ಳೋಣ. ಬೇಲಿಯ ಗೂಟದ ಮೇಲೆ ಕುಳಿತು ತಲೆದೂಗುವ, ಕತ್ತು ಕೆಂಪೇರುವ ಓತಿಕ್ಯಾತವನ್ನು ಅನೇಕರು ಗೋಸುಂಬೆಯೆಂದೇ ತಿಳಿದಿದ್ದಾರೆ. ರಾಮನಗರದ ಬಂಡೆಗಳ ಮೇಲೆ ಬಿಸಿಲು ಕಾಯುವ ಓತಿಯೂ ಕ್ಷಣಮಾತ್ರದಲ್ಲಿ ಬಣ್ಣ ಬದಲಿಸಬಲ್ಲದು. ಹೆಣ್ಣನ್ನು ಒಲಿಸುವಾಗ ಅದರ ಗಂಡು ತಳೆಯುವ ಬಣ್ಣ ಒಂದು, ಎದುರಾಳಿಯೊಡನೆ ಸೆಣಸುವಾಗಿನದು ಇನ್ನೊಂದು ಎಂಬುದನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ೨೦೧೭ರಲ್ಲಿ ಪ್ರಕಟಿಸಿದರು. ಇವೆರಡೂ ಗೋಸುಂಬೆಗಳಲ್ಲ. ಜಗತ್ತಿನಲ್ಲಿರುವ ಇನ್ನೂರಕ್ಕೂ ಮಿಕ್ಕ ಗೋಸುಂಬೆಯ ಜಾತಿಗಳಲ್ಲಿ ಭಾರತದ ಪಾಲಿಗೆ ಬಂದಿರುವುದು ಒಂದೇ ಒಂದು. ಇಕ್ಕುಳದಂತೆ ಕೊಂಬೆಯನ್ನು ಹಿಡಿಯುವ ಪಾದ, ಸುರುಳಿ ಸುತ್ತುವ ಬಾಲ, ಒಂದರ ಹಂಗಿಲ್ಲದೆ ಮತ್ತೊಂದು ತಿರುಗುವ ಕಣ್ಣುಗಳು ಇದರ ಗುರುತು. ಮುಂಗಾಲಿನಲ್ಲಿ ಮೂರು ಬೆರಳು ಒಳಕ್ಕೂ ಎರಡು ಹೊರಕ್ಕೂ ಕೂಡಿಕೊಂಡಿದ್ದರೆ, ಹಿಂಗಾಲಿನಲ್ಲಿ ಇದು ತಿರುವುಮುರುವು.

ಬಣ್ಣದ ವಿಷಯವಾಗಿ ನಮ್ಮಲ್ಲಿರುವ ತಪ್ಪು ಕಲ್ಪನೆಯೇ ಸಾಕುವವರನ್ನು ದಾರಿ ತಪ್ಪಿಸುತ್ತದೆ. ಕುಳಿತ ಜಾಗದ ಬಣ್ಣವನ್ನು ಗೋಸುಂಬೆ ನಕಲು ಮಾಡುತ್ತದೆಂಬ ನಂಬಿಕೆಯಿಂದಲೇ ಮಾತು ತಪ್ಪುವ ಮನುಷ್ಯನಿಗೆ ಅದರ ಹೆಸರಿಟ್ಟಿದ್ದೇವೆ. (ಹೋಲಿಕೆಯಿಂದ ಅವಮಾನವಾಗುವುದು ಯಾರಿಗೆಂಬುದು ಬೇರೆ ಮಾತು!) ವಾಸ್ತವವಾಗಿ ಅದರ ಬಣ್ಣ ಬಹುಮಟ್ಟಿಗೆ ಮೈಯ ಶಾಖವನ್ನೂ ಮನಸ್ಸಿನ ಕ್ಷೋಭೆಯನ್ನೂ ಅವಲಂಬಿಸಿದೆ. ೨೦೧೫ರಲ್ಲಿ ಜಿನೀವಾ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು ಮಡಗಾಸ್ಕರ್ ದ್ವೀಪದ ಒಂದು ಜಾತಿಯನ್ನು ಪರೀಕ್ಷಿಸಿ, ಚರ್ಮದ ಕೋಶಗಳಲ್ಲಿ ಗ್ವಾನಿನ್ ಎಂಬ ವಸ್ತುವಿನ ಅತಿಸೂಕ್ಷ್ಮ ಸ್ಫಟಿಕಗಳು ಸಾಲುಗಟ್ಟಿರುವುದನ್ನು ತೋರಿಸಿದರು. ಪ್ರಾಣಿ ಶಾಂತವಾಗಿದ್ದಾಗ ಸ್ಫಟಿಕಗಳು ಒತ್ತಾಗಿದ್ದು ನೀಲಿಯನ್ನು ಪ್ರತಿಫಲಿಸುತ್ತವೆ; ಚರ್ಮದಲ್ಲಿರುವ ಹಳದಿಯೊಡನೆ ಸೇರಿ ಅದು ನಮಗೆ ಹಸುರಾಗಿ ಕಾಣುತ್ತದೆ. ಉದ್ರೇಕಗೊಂಡಾಗ ಅವುಗಳ ನಡುವಣ ಅಂತರ ಹೆಚ್ಚಿ ಹಳದಿ, ಕೆಂಪು ಮೇಲೇಳುತ್ತವೆ. ಸೋತ ಪ್ರಾಣಿಯ ಮೈ ಕಪ್ಪಿಡುವುದೂ ಉಂಟು. ಹೀಗಿರುವಾಗ ಪಂಜರದ ಮುಂದೆ ಬೆರಳಾಡಿಸಿ, "ನೋಡಿ, ಹೇಗೆ ಬಣ್ಣ ಬದಲಿಸುತ್ತಿದೆ!" ಎಂದು ಸ್ನೇಹಿತರಿಗೆ ತೋರಿಸುವವನು ಏನನ್ನು ತೋರಿಸುತ್ತಿದ್ದಾನೆ? ಆ ಪ್ರಾಣಿಯ ಭಯವನ್ನು.

ಕೈಮೇಲೆ ಕೂತರೆ ಅದು ಓಡುವುದಿಲ್ಲ, ಕಚ್ಚಲು ಹವಣಿಸುವುದೂ ಅಪರೂಪ. ಆದ್ದರಿಂದ ಬಹಳ ಸಾಧುವೆಂದು ಹೇಳುವವರಿದ್ದಾರೆ. ನಿಧಾನವೆಂಬುದು ಸ್ನೇಹವಲ್ಲ. ಎಲೆಗಳ ನಡುವೆ ಅಲುಗಾಡದೆ ಇರುವುದೇ ಅದರ ರಕ್ಷಣೋಪಾಯ. ಸಂಗಾತಿಯನ್ನು ಅರಸುವ ಕಾಲವನ್ನು ಬಿಟ್ಟರೆ ಒಂಟಿಯಾಗಿ ಬಾಳುವ ಈ ಜೀವಿಗೆ ಒಡೆಯನೆಂಬ ಭಾವನೆಯೇ ಇಲ್ಲ. ನಾಯಿ, ಹಸುಗಳಂತೆ ಸಾವಿರಾರು ವರ್ಷ ಮನುಷ್ಯನೊಡನೆ ಕೂಡಿ ಬಾಳಿದ ಚರಿತ್ರೆ ಅದಕ್ಕಿಲ್ಲ.

ಇನ್ನು ಆಹಾರ ವಿಹಾರಗಳು. ಬಟ್ಟಲಲ್ಲಿಟ್ಟ ನಿಂತ ನೀರನ್ನು ಗೋಸುಂಬೆ ಸಾಮಾನ್ಯವಾಗಿ ಗುರುತಿಸದು. ಎಲೆಯ ಮೇಲಿನ ಇಬ್ಬನಿಯನ್ನೂ ಮಳೆಹನಿಯನ್ನೂ ನೆಕ್ಕಿ ಬದುಕುತ್ತದೆ. ತುಂಬಿದ ಬಟ್ಟಲು ಎದುರಿಗಿದ್ದೂ ಬಾಯಾರಿ ಸಾಯುವ ಪ್ರಾಣಿಯಿದು. ಚಲಿಸುವ ಕೀಟಗಳೇ ಅದಕ್ಕೆ ಬೇಟೆ. ಮೂಳೆಗಳು ಗಟ್ಟಿಯಾಗಲು ಬಿಸಿಲಿನ ಅತಿನೇರಿಳೆ ಕಿರಣಗಳಿಂದ ಡಿ ಜೀವಸತ್ವ ಹುಟ್ಟಬೇಕು. ಈ ಜೀವಸತ್ವ ಮೈಯಲ್ಲಿ ಕಡಿಮೆಯಾದಾಗ ಗೋಸುಂಬೆ ತಾನಾಗಿಯೇ ಹೆಚ್ಚು ಹೊತ್ತು ಬಿಸಿಲು ಕಾಯುವುದನ್ನು ಪ್ರಯೋಗಗಳು ತೋರಿಸಿವೆ. ಎಷ್ಟು ಬಿಸಿಲು ಬೇಕೆಂದು ಲೆಕ್ಕವಿಡುವ ಈ ಪ್ರಾಣಿಯನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಕಿಟಕಿಯ ಬಳಿ ಇಟ್ಟರೆ ಪ್ರಯೋಜನವಿಲ್ಲ, ಏಕೆಂದರೆ ಸಾಮಾನ್ಯ ಗಾಜು ಆ ಕಿರಣಗಳನ್ನೇ ತಡೆಯುತ್ತದೆ. ಕ್ರಮೇಣ ಮೂಳೆ ಮೆತ್ತಗಾಗಿ ಕಾಲುಗಳು ಸೊಟ್ಟಗಾಗುತ್ತವೆ. ಹೆಣ್ಣಿನ ಪಾಡು ಇನ್ನೂ ಕಷ್ಟ. ಮೊಟ್ಟೆಯಿಡಲು ಅದು ಮರದಿಂದಿಳಿದು ಮಣ್ಣಿನಲ್ಲಿ ಗುಣಿ ತೋಡಬೇಕು. ತಕ್ಕ ನೆಲ ಸಿಗದಿದ್ದರೆ ಮೊಟ್ಟೆಗಳನ್ನು ಒಡಲಲ್ಲೇ ಹಿಡಿದುಕೊಂಡು ಸಾಯುವುದುಂಟು.

ಚಿಕ್ಕ ಜಾತಿಗಳಾದರೆ ಸುಲಭವಲ್ಲವೇ ಎಂದು ಕೆಲವರು ಕೇಳಬಹುದು. ಸತ್ಯಸಂಗತಿ ಇದಕ್ಕೆ ವಿರುದ್ಧ. ದೇಹ ಕಿರಿದಾದಂತೆ ತೂಕಕ್ಕೆ ಹೋಲಿಸಿದರೆ ಆಹಾರದ ಅಗತ್ಯ ಹೆಚ್ಚು, ಮೈಯ ನೀರು ಆರುವುದೂ ಬೇಗ. ೨೦೧೬ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಟಾಂಜಾನಿಯದ ಪುಟ್ಟ ಗೋಸುಂಬೆಯೊಂದು ನಾಲಗೆಯನ್ನು ಚಿಮ್ಮಿಸುವಾಗಿನ ವೇಗೋತ್ಕರ್ಷ ಭೂಮಿಯ ಗುರುತ್ವದ ೨೬೪ರಷ್ಟೆಂದು ಕಂಡುಬಂದಿತು. ದೊಡ್ಡ ಜಾತಿಗಳು ಇದರ ಹತ್ತಿರಕ್ಕೂ ಬರಲಿಲ್ಲ. ಹೊಟ್ಟೆಪಾಡು ತೀವ್ರವಾದ್ದರಿಂದಲೇ ಸಣ್ಣ ದೇಹಕ್ಕೆ ಇಂಥ ಆಯುಧ. ಮಡಗಾಸ್ಕರಿನ ಲೇಬೋರ್ಡ್ ಗೋಸುಂಬೆಯಂತೂ ಮೊಟ್ಟೆಯೊಳಗೆ ಎಂಟೊಂಬತ್ತು ತಿಂಗಳು ಕಳೆದು, ಹೊರಬಂದ ಮೇಲೆ ನಾಲ್ಕೈದೇ ತಿಂಗಳು ಬದುಕುತ್ತದೆ. ಹುಟ್ಟಿ, ಬೆಳೆದು, ಕೂಡಿ, ಮೊಟ್ಟೆಯಿಟ್ಟು ತೀರುವ ಆ ಒಂದು ಋತುವನ್ನು ಪೆಟ್ಟಿಗೆಯಲ್ಲಿ ಕಳೆಯಿಸಿದರೆ ಉಳಿಯುವುದೇನು?

ಸಾಕಲಾರದೆ ಹೊರಗೆ ಬಿಟ್ಟುಬಿಡುವುದೂ ನಿರಪಾಯಕರವಲ್ಲ. ೧೯೭೨ರಲ್ಲಿ ಹವಾಯಿ ದ್ವೀಪದ ವರ್ತಕನೊಬ್ಬ ಪೂರ್ವ ಆಫ್ರಿಕದಿಂದ ತರಿಸಿದ ಮೂರು ಕೊಂಬಿನ ಗೋಸುಂಬೆಗಳನ್ನು, ಪ್ರಯಾಣದ ಆಯಾಸದಿಂದ ಚೇತರಿಸಿಕೊಳ್ಳಲೆಂದು ತೋಟದಲ್ಲಿ ಬಿಟ್ಟನು. ಅವುಗಳ ಸಂತತಿ ದ್ವೀಪದಿಂದ ದ್ವೀಪಕ್ಕೆ ಹಬ್ಬಿ, ಬೇರೆಲ್ಲಿಯೂ ಇಲ್ಲದ ಅಲ್ಲಿನ ಕೀಟಗಳನ್ನೂ ಬಸವನಹುಳುಗಳನ್ನೂ ತಿನ್ನುತ್ತಿದೆ.

ಕಾನೂನಿನ ಮಾತನ್ನು ಕೊನೆಗಿಟ್ಟುಕೊಂಡಿದ್ದೇನೆ, ಏಕೆಂದರೆ ಹೆದರಿ ಬಿಡುವುದಕ್ಕಿಂತ ಅರಿತು ಬಿಡುವುದು ಮೇಲು. ಭಾರತದ ಗೋಸುಂಬೆ ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ರಕ್ಷಿತ ಪ್ರಾಣಿ. ಅದನ್ನು ಹಿಡಿಯುವುದು, ಮಾರುವುದು, ಮನೆಯಲ್ಲಿಟ್ಟುಕೊಳ್ಳುವುದು ಅಪರಾಧ. ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿರುವ ಪರದೇಶದ ಪ್ರಾಣಿಗಳನ್ನು ಸಾಕುವವರೂ ಅವನ್ನು ನೋಂದಾಯಿಸಬೇಕೆಂದು ೨೦೨೨ರ ತಿದ್ದುಪಡಿ ವಿಧಿಸಿದೆ.

ಗೋಸುಂಬೆಗಳ ವಿಷಯವಾಗಿ ನಾವು ಬಲ್ಲದ್ದರಲ್ಲಿ ಎಷ್ಟೋ ಭಾಗ ಅವನ್ನು ಕೂಡಿಟ್ಟು ನೋಡಿದವರಿಂದಲೇ ಬಂದಿದೆಯೆಂಬುದನ್ನು ನಾನು ಅಲ್ಲಗಳೆಯಲಾರೆ. ಆ ಕೆಲಸ ಅನುಮತಿಯೂ ಅನುಕೂಲವೂ ಉಳ್ಳ ಸಂಸ್ಥೆಗಳಿಗೆ ಸೇರಿದ್ದು. ಹಳ್ಳಿಯ ವಿದ್ಯಾರ್ಥಿಗೆ ಬೇಲಿಯೇ ಪ್ರಯೋಗಶಾಲೆ. ಕತ್ತಲಾದ ಮೇಲೆ ಹಿರಿಯರೊಬ್ಬರನ್ನು ಜೊತೆಗೆ ಕರೆದುಕೊಂಡು ಬ್ಯಾಟರಿ ಹಿಡಿದು ಹೊರಟರೆ, ಕೊಂಬೆಯ ತುದಿಯಲ್ಲಿ ಮೈ ಬಿಳಿಚಿಕೊಂಡು ನಿದ್ರಿಸುವ ಗೋಸುಂಬೆ ಹಗಲಿಗಿಂತ ಬೇಗ ಕಣ್ಣಿಗೆ ಬೀಳುತ್ತದೆ. ದೂರದಿಂದ ನೋಡಿ, ಗಿಡ ಯಾವುದು, ನೆಲದಿಂದ ಎಷ್ಟು ಎತ್ತರ, ನಾಳೆ ರಾತ್ರಿ ಅದೇ ಕೊಂಬೆಗೆ ಬರುತ್ತದೆಯೇ ಎಂದು ಗುರುತು ಹಾಕಿಕೊಳ್ಳಬಹುದು. ಹಗಲಿನಲ್ಲಿ ರಸ್ತೆ ದಾಟುತ್ತಿರುವುದು ಕಂಡರೆ ಒಂದು ಕಡ್ಡಿಯನ್ನು ಮುಂದೊಡ್ಡಿದರೆ ಸಾಕು, ತಾನೇ ಹಿಡಿದುಕೊಂಡು ಏರುತ್ತದೆ. ಅದು ಹೊರಟಿದ್ದ ದಿಕ್ಕಿನ ಬೇಲಿಗೇ ಅದನ್ನು ಬಿಡಬೇಕು; ಬಂದ ಕಡೆಗೆ ಬಿಟ್ಟರೆ ಮತ್ತೆ ರಸ್ತೆಗೇ ಇಳಿಯುತ್ತದೆ.