ಹುಕುಂ ಒಬ್ಬರದು, ಹೊಣೆ ಯಾರದು?

ಪಾರ್ಲಿಮೆಂಟಿನಲ್ಲಿ ಕಾನೂನು ಪಾಸಾಯಿತೆಂದರೆ ಮರುದಿನವೇ ಕೈಗೆ ಬಂದಂತೆ ಎಂದು ನಮ್ಮ ಬಂಧುಗಳಲ್ಲಿ ಅನೇಕರು ತಿಳಿದಿದ್ದಾರೆ. ವೇತನ ಸಂಹಿತೆಯ ಗತಿ ನೋಡಿ. ಪಾರ್ಲಿಮೆಂಟು ಅದನ್ನು ಒಪ್ಪಿದ್ದು 2019ರಲ್ಲಿ; ಅದರ ಮುಖ್ಯ ಭಾಗ ಜಾರಿಗೆ ಬಂದದ್ದು 2025ರ ನವೆಂಬರ್ 21ರಂದು. ಅದು ಕಾರ್ಮಿಕನಿಗೆ ಒಳಿತೋ ಕೆಡುಕೋ, ಆ ಚರ್ಚೆ ಬೇರೆ. ನಡುವಿನ ಆರು ವರ್ಷ ಹೋದದ್ದೆಲ್ಲಿ? ಸರಕಾರ ಗೆಜೆಟಿನಲ್ಲಿ ಗೊತ್ತುಮಾಡಿದ ದಿನದಿಂದ ಜಾರಿ ಎಂದು ಕಾನೂನಿನಲ್ಲೇ ಬರೆದಿತ್ತು. ಆ ದಿನ ಗೊತ್ತುಮಾಡುವವರೇ ಕಾರ್ಯಾಂಗ.

ಹುಕುಂ ಹೊರಡುವುದು ರಾಷ್ಟ್ರಪತಿಗಳ ಹೆಸರಿನಲ್ಲಿ, ನಡೆಸುವವರು ಮಂತ್ರಿಗಳು. ಆ ಮಂತ್ರಿಮಂಡಲ ಒಟ್ಟಾಗಿ ಲೋಕಸಭೆಗೆ ಹೊಣೆಯೆಂದು ಸಂವಿಧಾನದ 75ನೆಯ ವಿಧಿ ಹೇಳುತ್ತದೆ, ರಾಜ್ಯದಲ್ಲಿ ವಿಧಾನಸಭೆಗೆ. 1999ರ ಏಪ್ರಿಲ್ 17ರಂದು ವಾಜಪೇಯಿಯವರ ಸರಕಾರ ಒಂದೇ ಓಟಿನಿಂದ ಬಿದ್ದದ್ದು ಈ ನಿಯಮದಿಂದಲೇ.

ಅಧಿಕಾರಿ ಮಾಡಿದ ತಪ್ಪಿಗೆ ಮಂತ್ರಿ ಏನು ಮಾಡಿಯಾನು ಎಂದು ಕೇಳುವವರಿದ್ದಾರೆ. 1957ರಲ್ಲಿ ಜೀವವಿಮಾ ನಿಗಮವು ಹರಿದಾಸ ಮುಂಧ್ರಾ ಎಂಬ ವ್ಯಾಪಾರಿಯ ಕಂಪನಿಗಳ ಶೇರುಗಳಿಗೆ ಸುಮಾರು ಒಂದೂಕಾಲು ಕೋಟಿ ರೂಪಾಯಿ ಸುರಿಯಿತು. ಕಂತು ಕಟ್ಟಿದ ಸಾಮಾನ್ಯರ ಹಣ ಅದು! ಲೋಕಸಭೆಯಲ್ಲಿ ಅದನ್ನು ಬಯಲಿಗೆಳೆದವರು ಫಿರೋಜ್ ಗಾಂಧಿ, ಆಳುವ ಪಕ್ಷದವರೇ. ಮುಖ್ಯ ನ್ಯಾಯಮೂರ್ತಿ ಛಾಗ್ಲಾ ಅವರ ವಿಚಾರಣೆ ನಡೆದದ್ದು ನಮ್ಮ ಮುಂಬಯಿಯಲ್ಲಿ, ಜನರೆದುರಿಗೆ. ಅರ್ಥಮಂತ್ರಿ ಟಿ. ಟಿ. ಕೃಷ್ಣಮಾಚಾರಿ ಕಾರ್ಯದರ್ಶಿಯ ಕಡೆ ಬೆರಳು ತೋರಿಸಿದರು. ಛಾಗ್ಲಾ ಒಪ್ಪಲಿಲ್ಲ. ಸಾಂಬಾರು ಹಳಸಿದರೆ ಗಲ್ಲೆಯ ಮೇಲೆ ಕುಳಿತ ಧಣಿ ಗಿರಾಕಿಯನ್ನು ಅಡಿಗೆಭಟ್ಟರ ಬಳಿಗೆ ಕಳಿಸುವಂತಿಲ್ಲವಷ್ಟೆ. 1958ರ ಫೆಬ್ರವರಿಯಲ್ಲಿ ಮಂತ್ರಿಗಳು ರಾಜೀನಾಮೆ ಕೊಟ್ಟರು. (ಮುಂದೆ ಮತ್ತೆ ಮಂತ್ರಿಯಾದರು, ಆ ಮಾತು ಬಿಡಿ.)

ಇನ್ನು ನಮ್ಮ ಹೊಟ್ಟೆಯ ವಿಷಯ. ಹೋಟೆಲ್ ಕಾರ್ಮಿಕನ ಕನಿಷ್ಠ ಕೂಲಿಯನ್ನು ಶಾಸನಸಭೆ ಕಟ್ಟುವುದಿಲ್ಲ. ರಾಜ್ಯ ಸರಕಾರದ ಒಂದು ಅಧಿಸೂಚನೆ ಕಟ್ಟುತ್ತದೆ. ಸಾಮಾನ್ಯವಾಗಿ ಐದು ವರ್ಷದೊಳಗೆ ಅದನ್ನು ಮತ್ತೆ ನೋಡಬೇಕು. ಇದಕ್ಕಾಗಿ ಸರಕಾರ ಒಂದೋ ಸಮಿತಿ ನೇಮಿಸಬೇಕು, ಇಲ್ಲವೇ ಕರಡನ್ನು ಪ್ರಕಟಿಸಿ ಎರಡು ತಿಂಗಳಾದರೂ ಅವಕಾಶ ಕೊಡಬೇಕು. ಮಾಲೀಕರಿಗೆ ಈ ಎರಡು ತಿಂಗಳ ಬೆಲೆ ಗೊತ್ತಿದೆ. ನಮ್ಮ ಸಂಘಗಳಿಂದ ಎಷ್ಟು ಅರ್ಜಿ ಹೋಗುತ್ತವೆ?

ಐದು ವರ್ಷ ಮೀರಿದರೂ ಕರಡು ಬಾರದಿದ್ದರೆ ಲೇಬರ್ ಆಫೀಸಿನ ಗುಮಾಸ್ತನೊಡನೆ ಜಗಳವಾಡಿ ಫಲವಿಲ್ಲ. ಶಾಸಕರನ್ನು ಕಂಡು, ವಿಧಾನಸಭೆಯಲ್ಲಿ ಕಾರ್ಮಿಕ ಮಂತ್ರಿಗೆ ಪ್ರಶ್ನೆ ಹಾಕಿಸಬೇಕು. ಆದರೆ ನಮ್ಮಲ್ಲಿ ಎಷ್ಟೋ ಜನರ ಹೆಸರು ಇಂದಿಗೂ ಊರಿನ ಮತದಾರರ ಪಟ್ಟಿಯಲ್ಲೇ ಇದೆ. ಇಲ್ಲಿ ಓಟಿಲ್ಲದವನ ಮಾತಿಗೆ ಇಲ್ಲಿಯ ಶಾಸಕರು ಏಕೆ ಕಿವಿಗೊಟ್ಟಾರು? ಸಂಘದ ಕಚೇರಿಯಲ್ಲಿ ಮೊದಲು ಈ ಲೆಕ್ಕ ತೆಗೆಯಲಿ.