ಗೃಹಕೃತ್ಯ: ಮುಪ್ಪಡರಿದ ಹಾರ್ಡ್ ಡಿಸ್ಕು

ಎರಡು ವರ್ಷಗಳ ಹಿಂದೆ, ಮಾಘಮಾಸದ ಒಂದು ರಾತ್ರಿ, ನಮ್ಮ ಕೋಣೆಯಲ್ಲಿ 'ಟಿಕ್, ಟಿಕ್' ಎಂಬ ಸದ್ದು ಕೇಳಿಬಂದಿತು. ಹಲ್ಲಿ ಲೊಚಗುಟ್ಟುತ್ತಿದೆಯೆಂದು ನಾವು ಬಗೆದೆವು. "ಹಲ್ಲಿಯಲ್ಲ, ಸದ್ದು ಕಂಪ್ಯೂಟರಿನ ಪೆಟ್ಟಿಗೆಯಿಂದ ಬರುತ್ತಿದೆ, ಸ್ವಲ್ಪ ನೋಡಬಾರದೆ?" ಎಂದು ನಮ್ಮ ಗೃಹಿಣಿ ಹೇಳಿದಳು. ನೋಡೋಣವೆಂದು ಹೇಳಿ ಎರಡು ವಾರ ಕಳೆದೆವು.

ಅದರೊಳಗಿನ ಹಾರ್ಡ್ ಡಿಸ್ಕಿಗೆ ಆಗ ೧೧ ವರ್ಷ. ಮಗಳ ಮದುವೆಯ ಚಿತ್ರಗಳು, ಜಮೀನಿನ ಪಹಣಿ ಮತ್ತು ಕ್ರಯಪತ್ರದ ನಕಲುಗಳು, ಇವೆಲ್ಲಕ್ಕೂ ಮಿಗಿಲಾಗಿ, ನಮ್ಮ ತೀರ್ಥರೂಪರು ತಮ್ಮ ಕೊನೆಯ ದಿನಗಳಲ್ಲಿ ವಂಶದ ಹಳೆಯ ಸಂಗತಿಗಳನ್ನು ಹೇಳಿದ ೪೦ ನಿಮಿಷಗಳ ಧ್ವನಿಮುದ್ರಣ, ಎಲ್ಲವೂ ಆ ಒಂದು ಡಿಸ್ಕಿನಲ್ಲಿಯೇ ಇದ್ದುವು.

ಈ ಯಂತ್ರದ ಒಳಗು ಹೇಗಿರುವುದೆಂಬುದನ್ನು ಗೃಹಸ್ಥರಾದವರು ಕೊಂಚಮಟ್ಟಿಗೆ ತಿಳಿದಿರುವುದು ಮೇಲು. ಕನ್ನಡಿಯಂತೆ ನುಣುಪಾದ, ಕಾಂತೀಯ ಲೇಪವುಳ್ಳ ತಟ್ಟೆಗಳು ನಿಮಿಷಕ್ಕೆ ೫೪೦೦ ಅಥವಾ ೭೨೦೦ ಸುತ್ತು ತಿರುಗುತ್ತಿರುತ್ತವೆ. ಗ್ರಾಮಫೋನಿನ ಮುಳ್ಳು ತಟ್ಟೆಯನ್ನು ಮುಟ್ಟಿಯೇ ಹಾಡಿಸುವುದು. ಇದರ ಓದುವ ತಲೆಯಾದರೋ ತಟ್ಟೆಯನ್ನು ಮುಟ್ಟಿತೆಂದರೆ ಕೆಟ್ಟಿತು. ತಲೆಗೂದಲಿನ ದಪ್ಪದ ಸಾವಿರದಲ್ಲೊಂದು ಪಾಲಿಗಿಂತಲೂ ಕಡಿಮೆಯಾದ ಅಂತರದಲ್ಲಿ ಅದು ತೇಲುತ್ತಿರುತ್ತದೆ. (೧೯೫೬ರಲ್ಲಿ ಐಬಿಎಂ ಕಂಪನಿಯವರು ಹೊರತಂದ ಮೊತ್ತಮೊದಲ ಡಿಸ್ಕಿನಲ್ಲಿ ಎರಡಡಿ ಅಗಲದ ೫೦ ತಟ್ಟೆಗಳಿದ್ದುವು, ಇಂದಿನ ಮೊಬೈಲಿನ ಒಂದೆರಡು ಚಿತ್ರಗಳಿಗೇ ಅದು ತುಂಬಿಹೋಗುತ್ತಿತ್ತು.) ಇಂತಹ ನಾಜೂಕಿನ ಯಂತ್ರವು ಸವೆಯದಿರುವುದೇ ಆಶ್ಚರ್ಯವಲ್ಲದೆ ಸವೆಯುವುದು ಆಶ್ಚರ್ಯವಲ್ಲ. ಫೋಲ್ಡರೊಂದು ತೆರೆಯಲು ನಿಮಿಷಗಟ್ಟಲೆ ಹಿಡಿಯುವುದು, ನಿನ್ನೆ ತೆರೆದ ಫೈಲು ಇಂದು ತೆರೆಯದಿರುವುದು, ಯಂತ್ರವು ನಡುನಡುವೆ ಸ್ತಬ್ಧವಾಗುವುದು, ಕೊನೆಗೆ ಆ ಟಿಕ್ ಸದ್ದು: ಇವು ಮುಪ್ಪಿನ ಗುರುತುಗಳು. ಡಿಸ್ಕು ತನ್ನ ಕೆಟ್ಟ ಭಾಗಗಳ ಲೆಕ್ಕವನ್ನು ತಾನೇ ಇಟ್ಟುಕೊಂಡಿರುತ್ತದೆ. ಕ್ರಿಸ್ಟಲ್ ಡಿಸ್ಕ್ ಇನ್ಫೋ ಎಂಬ ಉಚಿತ ಪ್ರೋಗ್ರಾಮು ಅದನ್ನು ಓದಿ ತೋರಿಸುವುದು. ಆದರೆ ಆ ಲೆಕ್ಕದಲ್ಲಿ ಆರೋಗ್ಯವೆಂದು ಕಂಡ ಡಿಸ್ಕುಗಳೂ ಮುನ್ಸೂಚನೆಯಿಲ್ಲದೆ ನಿಂತುಹೋಗುವುದುಂಟು.

ಮೂರನೆಯ ವಾರ ನಾವು ಮಾಡಿದ ತಪ್ಪನ್ನು ಮರೆಮಾಚದೆ ಹೇಳುವೆವು. ಪರಿಚಿತರೊಬ್ಬರ ಮಾತು ಕೇಳಿ, ಡಿಸ್ಕನ್ನು ತಪಾಸಣೆಮಾಡಿ ಸರಿಪಡಿಸುವ ಪ್ರೋಗ್ರಾಮನ್ನು ರಾತ್ರಿಯೆಲ್ಲ ಓಡಲು ಬಿಟ್ಟೆವು. ಬೆಳಗಾಗುವ ವೇಳೆಗೆ ಡಿಸ್ಕು ಉಸಿರೆತ್ತಲಿಲ್ಲ. ಕಾಲು ನೋಯುತ್ತಿರುವ ಮುದುಕನನ್ನು ಪರೀಕ್ಷಿಸುವೆವೆಂದು ಬೆಟ್ಟ ಹತ್ತಿಸಿದ ಹಾಗಾಯಿತು. ತಪಾಸಣೆಯೆಂದರೆ ಡಿಸ್ಕಿನ ಮೂಲೆಮೂಲೆಯನ್ನೂ ಓದುವುದು. ಅದರ ಬಲವಿನ್ನೂ ಉಳಿದಿದ್ದ ಆ ಕೆಲವು ಗಂಟೆಗಳನ್ನು ಪ್ರತಿಮಾಡುವುದಕ್ಕೆ ಬಳಸಬೇಕಾಗಿತ್ತು.

ಆದುದರಿಂದ ಮೊದಲು ಪ್ರತಿ, ಆಮೇಲೆ ಚಿಕಿತ್ಸೆ. ಪ್ರತಿಮಾಡುವಾಗಲೂ ಮತ್ತೆಲ್ಲಿಯೂ ದೊರೆಯದಿರುವುದು ಮೊದಲು. ಕ್ರಯಪತ್ರದ ದೃಢೀಕೃತ ನಕಲು ಉಪನೋಂದಣಾಧಿಕಾರಿಗಳ ಕಛೇರಿಯಲ್ಲಿ ನಮಗೆ ಮತ್ತೆ ದೊರೆಯಿತು. ಮದುವೆಯ ಚಿತ್ರಗಳನ್ನು ಬಂಧುಗಳಿಂದ ಕೂಡಿಸಿಕೊಂಡೆವು. ಸಿನಿಮಾಗಳು ಹೋದರೆ ಹೋಗಲಿ. ಒಂದು ಫೈಲು ಸಿಕ್ಕಿಹಾಕಿಕೊಂಡರೆ ಅದರೊಡನೆ ಹೆಣಗದೆ ಮುಂದಿನದಕ್ಕೆ ಹೋಗತಕ್ಕದ್ದು. ಬಲ್ಲವರು ಡಿಡಿರೆಸ್ಕ್ಯೂ ಎಂಬ ಪ್ರೋಗ್ರಾಮನ್ನು ಬಳಸುವರು. ಅದು ಒಳ್ಳೆಯ ಭಾಗಗಳನ್ನೆಲ್ಲ ಮೊದಲು ತೆಗೆದುಕೊಂಡು ಕೆಟ್ಟ ಭಾಗಗಳಿಗೆ ಕೊನೆಯಲ್ಲಿ ಹಿಂದಿರುಗುವುದು. ಡಿಸ್ಕನ್ನು ಕಂಪ್ಯೂಟರು ಗುರುತಿಸದೆ ಬರಿಯ ಟಿಕ್ ಸದ್ದು ಮಾತ್ರ ಬರುತ್ತಿದ್ದರೆ ಕೂಡಲೇ ಆರಿಸಿ ತಜ್ಞರಲ್ಲಿಗೆ ಒಯ್ಯಬೇಕು. ಅದಕ್ಕೆ ಹಣ ಹೆಚ್ಚು, ಫಲವೂ ನಿಶ್ಚಯವಿಲ್ಲ. ಮನೆಯಲ್ಲಿ ಬಿಚ್ಚಿದರೆ ಒಂದು ಧೂಳಿನ ಕಣವೇ ತಟ್ಟೆಯನ್ನು ಕೆಡಿಸೀತು.

'ಸಿ'ಯಲ್ಲಿದ್ದುದನ್ನು 'ಡಿ'ಗೆ ಹಾಕಿದೆವು, ಇನ್ನು ಭಯವಿಲ್ಲವೆಂದು ಹೇಳುವವರನ್ನು ಕಂಡಿದ್ದೇವೆ. ಸಾಮಾನ್ಯವಾಗಿ ಅವು ಒಂದೇ ಮನೆಯ ಎರಡು ಕೋಣೆಗಳು. ಮನೆ ಕುಸಿದರೆ ಎರಡೂ ಹೋದುವು. ಪ್ರತಿಯು ಬೇರೊಂದು ಡಿಸ್ಕಿನಲ್ಲಿರಬೇಕು, ಇನ್ನೊಂದು ಪ್ರತಿ ಬೇರೊಂದು ಮನೆಯಲ್ಲಿಯೋ ಅಂತರಜಾಲದ ಭಂಡಾರದಲ್ಲಿಯೋ ಇರಬೇಕು. ಪೆನ್ ಡ್ರೈವು ಸಾಗಿಸುವುದಕ್ಕೆ ಸರಿ. ವರ್ಷಗಟ್ಟಲೆ ಪೆಟ್ಟಿಗೆಯಲ್ಲಿಟ್ಟು ನಂಬುವುದಕ್ಕಲ್ಲ.

ಹತ್ತನೆಯ ಶತಮಾನದಲ್ಲಿದ್ದ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣಕ್ಕೆ ಒಂದು ಸಾವಿರ ಓಲೆಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದು ಪ್ರಸಿದ್ಧವಾಗಿದೆ. ಅದೇ ಪೊನ್ನನ ಭುವನೈಕರಾಮಾಭ್ಯುದಯವು ಇಂದು ದೊರೆಯದು, ಶಾಂತಿಪುರಾಣವು ಉಳಿದಿದೆ. ನಮಗೆ ಸಾವಿರ ಬೇಡ, ಎರಡಾದರೂ ಸಾಕು.

ಇನ್ನೊಂದು ಸಂಗತಿ. ನಮ್ಮ ಭಾವಮೈದುನರು ಬಹಳ ಜಾಗರೂಕರು. ಡಿಸ್ಕು ಹಳತಾಯಿತೆಂದು ಪರದೆಯ ಮೇಲಿನ ಫೋಲ್ಡರುಗಳನ್ನೆಲ್ಲ ಹೊಸ ಡಿಸ್ಕಿಗೆ ಎಳೆದು, ಹಳೆಯದನ್ನು ಗುಜರಿಗೆ ಕೊಟ್ಟರು. ತಿಂಗಳ ಮೇಲೆ ತೆರೆದು ನೋಡಿದರೆ, ಅವರು ಎಳೆದುದು ಫೋಲ್ಡರುಗಳನ್ನಲ್ಲ, ಫೋಲ್ಡರುಗಳ ವಿಳಾಸವನ್ನು ಮಾತ್ರ ಹೇಳುವ ಶಾರ್ಟ್‌ಕಟ್ಟುಗಳನ್ನು! ಒಂದೊಂದೂ ಒಂದೆರಡು ಕಿಲೋಬೈಟು. ಪ್ರತಿಯನ್ನು ಬೇರೆ ಯಂತ್ರದಲ್ಲಿ ತೆರೆದು, ಅಲ್ಲಿ ನಾಲ್ಕು, ಇಲ್ಲಿ ನಾಲ್ಕು ಫೈಲುಗಳನ್ನು ಕಣ್ಣಾರೆ ನೋಡಿ, ಒಟ್ಟು ಗಾತ್ರವನ್ನು ಹೋಲಿಸುವವರೆಗೆ ಮೂಲವನ್ನು ಕೈಬಿಡತಕ್ಕದ್ದಲ್ಲ.

ತೀರ್ಥರೂಪರ ಧ್ವನಿಯನ್ನು ತಜ್ಞರಿಂದಲೂ ತೆಗೆಯಲಾಗಲಿಲ್ಲ. ಶಿವಮೊಗ್ಗೆಯಲ್ಲಿರುವ ನಮ್ಮ ತಂಗಿ ಹಿಂದೊಮ್ಮೆ ಕೇಳಿದಳೆಂದು ಅದರಲ್ಲಿ ೬ ನಿಮಿಷದ ತುಂಡೊಂದನ್ನು ವಾಟ್ಸಾಪಿನಲ್ಲಿ ಕಳುಹಿಸಿದ್ದೆವು; ಅದೊಂದು ಅವಳ ಬಳಿ ಉಳಿದಿತ್ತು. ಈಗ ಅದು ಮೂರು ಕಡೆ ಇದೆ. ಪ್ರತಿವರ್ಷ ಆಯುಧಪೂಜೆಯ ದಿನ ಕಂಪ್ಯೂಟರಿಗೆ ಕುಂಕುಮವಿಟ್ಟ ಮೇಲೆ ಮೂರನ್ನೂ ತೆರೆದು ಕೇಳುತ್ತೇವೆ. ತಾತಂದಿರು ಬಾವಿ ತೋಡಿಸಿದ ಕಥೆಯ ನಡುವೆ, ನೀರು ಬಂದಿತೋ ಇಲ್ಲವೋ ಎಂದು ಹೇಳುವ ಮುನ್ನವೇ, ಅದು ನಿಂತುಹೋಗುತ್ತದೆ.